ಪೀಪಾಯಿಯ ಗಷ್ಟು ಮತ್ತು ಬೇಕಿಂಗ್ ಪೌಡರ್ ಜಗಳ

ಮೊನ್ನೆ ಕೇಕ್ ಮಾಡೋಣ ಅಂತ ಹೊರಟೆ. ರೆಸಿಪಿಯಲ್ಲಿ 'ಕ್ರೀಮ್ ಆಫ್ ಟಾರ್ಟರ್, ಅರ್ಧ ಚಮಚ' ಅಂತಿತ್ತು. ಹೆಸರು ನೋಡಿ ಕೆನೆ ಇರಬೇಕು ಅಂದುಕೊಂಡಿದ್ದೆ. ತಂದು ನೋಡಿದರೆ ಬಿಳಿ ಪುಡಿ! ನಾಲಿಗೆಗಿಟ್ಟರೆ ಹುಳಿ. ಸರಿ, ಇದರ ಜಾತಕ ಜಾಲಾಡೋಣ ಅಂತ ಕೂತೆ...

ದ್ರಾಕ್ಷಿರಸ ಹುದುಗಿ ವೈನ್ ಆಗುವಾಗ ಪೀಪಾಯಿಯ ಒಳಮೈಗೆ ಕಲ್ಲಿನಂಥ ಗಷ್ಟು ಕಟ್ಟುತ್ತದೆ. ಅದನ್ನು ಕೆರೆದು, ಬಿಸಿನೀರಲ್ಲಿ ಕರಗಿಸಿ, ಸೋಸಿ, ಆರಿಸಿದರೆ ಸಿಗುವ ಹರಳೇ ಇದು, ಪೊಟ್ಯಾಸಿಯಂ ಬೈಟಾರ್ಟ್ರೇಟ್. 1769ರಲ್ಲಿ ಸ್ವೀಡನ್ನಿನ ಶೀಲೆ ಇದರಿಂದ ಟಾರ್ಟಾರಿಕ್ ಆಮ್ಲವನ್ನು ಬೇರ್ಪಡಿಸಿದ. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ ಆಮ್ಲದ್ದು. ಅಮ್ಮ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಉಜ್ಜಿದರೆ, ಅಲ್ಲಿನವರು ತಾಮ್ರಕ್ಕೆ ಈ ಪುಡಿ ಉಜ್ಜುತ್ತಾರೆ!

ಮೊಟ್ಟೆಯ ಬಿಳಿಯ ನೊರೆ ಕುಸಿಯದಂತೆ, ಸಕ್ಕರೆ ಪಾಕ ಹರಳುಗಟ್ಟದಂತೆ ಇದು ತಡೆಯುತ್ತದೆ. ಸೋಡಾ ಜೊತೆ ನೀರು ಸೋಕಿದರೆ ಅನಿಲ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ.

ಜಗಳ ಶುರುವಾದದ್ದು ಅಲ್ಲೇ. ಅಮೆರಿಕಕ್ಕೆ ಈ ಪುಡಿ ಯುರೋಪಿನ ವೈನ್ ನಾಡುಗಳಿಂದ ಬರಬೇಕಿತ್ತು, ತುಟ್ಟಿ. 1856ರಲ್ಲಿ ಹಾರ್ವರ್ಡ್‌ನ ಹಾರ್ಸ್‌ಫರ್ಡ್ ಇದರ ಬದಲಿಗೆ ಫಾಸ್ಫೇಟ್ ಬಳಸುವುದಕ್ಕೆ ಪೇಟೆಂಟ್ ಪಡೆದ. ಆಮೇಲೆ ಇನ್ನೂ ಅಗ್ಗದ ಆಲಂ ಬಂತು. ಟಾರ್ಟರ್ ನಂಬಿಕೊಂಡಿದ್ದ ರಾಯಲ್ ಕಂಪನಿ 'ಆಲಂ ವಿಷ' ಅಂತ ಜಾಹೀರಾತು ಹೂಡಿತು. 1899ರಲ್ಲಿ ಮಿಸೌರಿ ರಾಜ್ಯ ಬೇಕಿಂಗ್ ಪೌಡರಿನಲ್ಲಿ ಆಲಂ ಅನ್ನೇ ನಿಷೇಧಿಸಿತು. ಜನರ ಆರೋಗ್ಯದ ಹೆಸರಿನಲ್ಲಿ! ಆಮೇಲೆ ಹೊರಬಿದ್ದದ್ದು ಶಾಸಕರ ಲಂಚದ ಕಥೆ. 1903ರಲ್ಲಿ ಲೆಫ್ಟಿನೆಂಟ್ ಗವರ್ನರ್ ಜಾನ್ ಲೀ ರಾಜೀನಾಮೆ ಕೊಟ್ಟ, 1905ರಲ್ಲಿ ಕಾನೂನೇ ರದ್ದಾಯಿತು. ಅಲ್ಯೂಮಿನಿಯಂ ಉಪ್ಪಿನ ಬೇಕಿಂಗ್ ಪೌಡರ್ ಅಮೆರಿಕದಲ್ಲಿ ಇಂದಿಗೂ ಮಾರಾಟವಾಗುತ್ತದೆ.

ಇಷ್ಟು ಓದುವ ಹೊತ್ತಿಗೆ ನನಗೆ ಬೆವರು. ಯಾಕೆ ಗೊತ್ತಾ? ಮನೆಯಲ್ಲೇ ಕೇಕ್ ಮಾಡಿ ಮಾರುವ ನಮ್ಮ ಅತ್ತಿಗೆಗೆ ಹೋದ ತಿಂಗಳಷ್ಟೇ ದೊಡ್ಡದಾಗಿ ಉಪದೇಶ ಮಾಡಿದ್ದೆ: "ಅತ್ತಿಗೆ, ಆ ಅಗ್ಗದ ಡಬ್ಬಿ ಬಿಸಾಕಿ, ಅದರಲ್ಲಿ ವಿಷ ಇದೆ." ಯಾವುದೋ ಫಾರ್ವರ್ಡ್ ಮೆಸೇಜ್ ಓದಿದ್ದೇ ನನ್ನ ಪಾಂಡಿತ್ಯ! ಪಾಪ, ಅವರು ಅರ್ಧ ಡಬ್ಬಿ ಚೆಲ್ಲಿ, ತುಟ್ಟಿಯದು ತಂದು, ಕೇಕಿನ ಬೆಲೆ ಏರಿಸಲಾಗದೆ ಒದ್ದಾಡುತ್ತಿದ್ದಾರೆ.

ನಿನ್ನೆ ಫೋನ್ ಮಾಡಿ ಈ ಕಥೆಯೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. "ಹೋಗ್ಲಿ ಬಿಡು, ಮೊದಲು ಆ ಡಬ್ಬಿ ದುಡ್ಡು ಕೊಡು" ಅಂದರು. ಕೊಡಬೇಕು... :-)