ದೊಡ್ಡ ಪಿಟೀಲಿನ ಸಣ್ಣ ದನಿ

ಸಂಗೀತ ಕಛೇರಿ ಕೇಳಿ ಮನೆಗೆ ಬಂದ ಮೇಲೆ ನಾವು ಹಾಡಿದವರನ್ನು ಹೊಗಳುತ್ತೇವೆ, ಪಿಟೀಲು ಚೆನ್ನಾಗಿತ್ತು ಎನ್ನುತ್ತೇವೆ, ತನಿ ಆವರ್ತನದಲ್ಲಿ ಮೃದಂಗದವರದೇ ಮೇಲುಗೈ ಎಂದು ತೀರ್ಪು ಕೊಡುತ್ತೇವೆ. ಎರಡೂವರೆ ಗಂಟೆ ಹಿಂದೆ ಕುಳಿತು ತಂಬೂರಿ ಮೀಟಿದ ಹುಡುಗಿಯ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಅವಳ ಬೆರಳು ಒಂದು ನಿಮಿಷ ನಿಂತರೆ ಸಾಕು, ಸಭೆಯಲ್ಲಿರುವವರಿಗೆಲ್ಲ ಏನೋ ಕಳೆದುಹೋದಂತೆ ಅನಿಸುತ್ತದೆ. ಮನೆಗಳಲ್ಲೂ ಇಂಥವರು ಒಬ್ಬರು ಇರುತ್ತಾರೆ. ಅವರು ಯಾರೆಂದು ಓದುವ ನಿಮಗೆ ಹೇಳಬೇಕಾಗಿಲ್ಲ.

ಪಾಶ್ಚಾತ್ಯ ಸಂಗೀತದಲ್ಲಿ ಈ ಹಿಂದಿನ ಸಾಲಿನ ಸ್ಥಾನ ಡಬಲ್ ಬೇಸ್ ಎಂಬ ವಾದ್ಯದ್ದು. ಪಿಟೀಲಿನ ಮನೆತನದಲ್ಲಿ ಇದೇ ಎಲ್ಲರಿಗಿಂತ ದೊಡ್ಡದು. ಸುಮಾರು ಆರು ಅಡಿ ಎತ್ತರ. ನುಡಿಸುವವರು ಅದರ ಪಕ್ಕದಲ್ಲಿ ನಿಂತು, ಕೂಸನ್ನು ಸೊಂಟಕ್ಕೆ ಒರಗಿಸಿಕೊಂಡಂತೆ ಒರಗಿಸಿಕೊಂಡು, ಕಮಾನಿನಿಂದಲೋ ಬೆರಳಿನಿಂದಲೋ ನುಡಿಸುತ್ತಾರೆ. ನಮಗೆ ಇದು ತೀರ ಅಪರಿಚಿತವೇನಲ್ಲ. 1950ರ ದಶಕದ ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಗೋವಾದ ವಾದಕರು ಇದನ್ನು ನುಡಿಸಿದ್ದಾರೆ. ನಾವು ಕೇಳಿದ್ದೇವೆ, ಆದರೆ ಗಮನಿಸಿಲ್ಲ, ಅಷ್ಟೆ.

ಇಷ್ಟು ದೊಡ್ಡ ವಾದ್ಯದ ದನಿ ಮಾತ್ರ ಸಣ್ಣದು. ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರಿಗಿಂತ ಉದ್ದ. ಅಂಥ ಅಲೆಯನ್ನು ಬಲವಾಗಿ ಎಬ್ಬಿಸಲು ವಾದ್ಯದ ಹೊಟ್ಟೆ ಇನ್ನೂ ಎಷ್ಟೋ ದೊಡ್ಡದಿರಬೇಕಾಗಿತ್ತು. ಸಾಲದ್ದಕ್ಕೆ ನಮ್ಮ ಕಿವಿಯೂ ಮಂದ್ರ ಸ್ವರಗಳಿಗೆ ಸ್ವಲ್ಪ ಮಂದವೇ. ಹೀಗಾಗಿ ತಾರದ ಕಹಳೆ ಊದಿದ ಕೂಡಲೇ ಮಂದ್ರದ ತಂತಿ ಮುಚ್ಚಿಹೋಗುತ್ತದೆ.

ದೊಡ್ಡ ಸಿಂಫನಿ ವಾದ್ಯವೃಂದಗಳಲ್ಲಿ ಇದಕ್ಕೆ ಸುಲಭದ ಪರಿಹಾರವಿತ್ತು: ಎಂಟು ಡಬಲ್ ಬೇಸ್‌ಗಳನ್ನು ಸಾಲಾಗಿ ನಿಲ್ಲಿಸಿದರಾಯಿತು. ಅಮೆರಿಕದ ಜಾಜ್ ತಂಡಗಳಲ್ಲಿ ಆ ಭಾಗ್ಯವಿರಲಿಲ್ಲ. ಅಲ್ಲಿ ಹತ್ತು ಹನ್ನೆರಡು ತುತ್ತೂರಿಗಳ ಎದುರು ಒಂದೇ ಒಂದು ಬೇಸ್. ಕುಣಿಯುವವರ ಗದ್ದಲ ಬೇರೆ. ನ್ಯೂ ಆರ್ಲಿಯನ್ಸಿನ ಪಾಪ್ಸ್ ಫಾಸ್ಟರ್‌ನಂಥ ವಾದಕರು ಕರುಳಿನ ದಪ್ಪ ತಂತಿಗಳನ್ನು ಹಿಡಿದೆಳೆದು ಮರದ ಮೇಲೆ ಪಟ್ಟೆಂದು ಬಡಿಯುವ ರೀತಿ ರೂಢಿಸಿಕೊಂಡಿದ್ದು ಈ ಕಾರಣಕ್ಕೇ. ಬೆರಳು ಬೊಬ್ಬೆ ಬಂದರೂ ಸರಿ, ತಾಳವಾದರೂ ಕೇಳಿಸಲಿ ಎಂಬ ಹಟ. 1925ರಲ್ಲಿ ಮೈಕ್ ಇಟ್ಟು ಧ್ವನಿಮುದ್ರಣ ಮಾಡುವ ವಿದ್ಯೆ ಬಂದ ಮೇಲೆ ಗ್ರಾಮಫೋನ್ ತಟ್ಟೆಗಳಲ್ಲಿ ಬೇಸ್ ಸ್ಪಷ್ಟವಾಗಿ ಕೇಳತೊಡಗಿತು. 1939ರಲ್ಲಿ ಡ್ಯೂಕ್ ಎಲಿಂಗ್ಟನ್ ತಂಡ ಸೇರಿದ ಜಿಮ್ಮಿ ಬ್ಲಾಂಟನ್ ಎಂಬ ಹುಡುಗ ಈ ವಾದ್ಯವೂ ರಾಗ ಹಾಡಬಲ್ಲದು ಎಂದು ತೋರಿಸಿಕೊಟ್ಟ. 1942ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬಿದ್ದಾಗ, ಕ್ಷಯರೋಗ ಅವನನ್ನು ಒಯ್ದಿತು. ಅವನ ಬೆರಳುಗಾರಿಕೆ ಇಂದಿಗೂ ನಮಗೆ ತಿಳಿದಿರುವುದು ಎದುರಿಗಿದ್ದ ಮೈಕಿನ ಕೃಪೆಯಿಂದ. ಆದರೆ ದಿನ ಸಂಜೆ ನೃತ್ಯಶಾಲೆಗಳಲ್ಲಿ ನುಡಿಸುವ ಸಾಮಾನ್ಯ ವಾದಕನ ಪಾಡು ಹಾಗೇ ಉಳಿಯಿತು.

ಆ ಪಾಡನ್ನು ಅನುಭವಿಸಿದವನೊಬ್ಬನೇ ಮದ್ದು ಹುಡುಕಿದ. ನ್ಯೂಯಾರ್ಕಿನ ಎವರೆಟ್ ಹಲ್ ಸ್ವತಃ ಬೇಸ್ ವಾದಕ. ಡಬಲ್ ಬೇಸಿನ ಬುಡದಲ್ಲಿ, ನೆಲಕ್ಕೆ ಊರಿ ನಿಲ್ಲಿಸಲು ಒಂದು ಗೂಟವಿರುತ್ತದೆ. ಆ ಗೂಟದ ಒಳತುದಿಯಲ್ಲಿ, ಅಂದರೆ ವಾದ್ಯದ ಹೊಟ್ಟೆಯೊಳಗೆ, ದನಿ ಹಿಡಿಯುವ ಸಾಧನವನ್ನು ಕೂರಿಸುವ ಉಪಾಯ ಅವನಿಗೆ ಹೊಳೆಯಿತು. 1946ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ಅದು ಮಂಜೂರಾಯಿತು. ಇದಕ್ಕೆ ಹೆಸರು ಸೂಚಿಸಿದವಳು ಅವನ ಹೆಂಡತಿ ಗರ್ಟ್ರೂಡ್. ದನಿ ಹೆಚ್ಚಿಸಿದ ಗೂಟ ಎಂಬ ಅರ್ಥದ 'ಆಂಪ್ಲಿಫೈಡ್ ಪೆಗ್' ಎಂಬ ಎರಡು ಮಾತನ್ನು ಬೆಸೆದು 'ಆಂಪೆಗ್' ಎಂದಳು. ಹಲ್ ಸ್ಟ್ಯಾನ್ಲಿ ಮೈಕೇಲ್ ಎಂಬಾತನ ಜೊತೆ ಕೂಡಿ ಈ ಗೂಟದ ಜೊತೆಗಾರನಾಗಿ ಒಂದು ಆಂಪ್ಲಿಫೈಯರನ್ನೂ ತಯಾರಿಸಿದ. ಪಾಲುದಾರ ಬಿಟ್ಟುಹೋದ ಮೇಲೆ ಕಂಪೆನಿ ಹಲ್ ಒಬ್ಬನದೇ ಆಯಿತು, ಅದಕ್ಕೂ ಹೆಂಡತಿ ಕೊಟ್ಟ ಹೆಸರೇ ನಿಂತಿತು. ಇವತ್ತಿಗೂ ಸಂಗೀತದ ಅಂಗಡಿಗಳಲ್ಲಿ ಈ ಹೆಸರಿನ ಪೆಟ್ಟಿಗೆಗಳಿವೆ. ಅದರ ಹಿಂದೆ ಒಬ್ಬ ಗೃಹಿಣಿಯ ಜಾಣ್ಮೆ ಇರುವುದು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ಹಲ್‌ನ ಉದ್ದೇಶ ಸರಳವಾಗಿತ್ತು. ಡಬಲ್ ಬೇಸಿನ ದನಿ ಡಬಲ್ ಬೇಸಿನಂತೆಯೇ ಇರಬೇಕು, ಆದರೆ ಹಿಂದಿನ ಬೆಂಚಿನವರಿಗೂ ಕೇಳಿಸಬೇಕು. ಹೆಚ್ಚಿಸುವ ಭರದಲ್ಲಿ ದನಿ ಒಡೆಯುವುದು, ಕರಕರ ಎನ್ನುವುದು ಅವನಿಗೆ ಸಹಿಸದು.

ಅಷ್ಟರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯದಲ್ಲಿ, ಲಿಯೋ ಫೆಂಡರ್ ಅದೇ ಕಷ್ಟಕ್ಕೆ ಬೇರೆಯೇ ಪರಿಹಾರ ತೆಗೆದ. ವಾದ್ಯದ ದನಿ ಹೆಚ್ಚಿಸುವ ಬದಲು ವಾದ್ಯವನ್ನೇ ಬದಲಿಸಿದ. 1951ರಲ್ಲಿ ಅವನು ಹೊರತಂದ ಪ್ರಿಸಿಷನ್ ಬೇಸ್‌ಗೆ ಟೊಳ್ಳು ಹೊಟ್ಟೆಯೇ ಇಲ್ಲ. ಗಟ್ಟಿ ಹಲಗೆ, ನಾಲ್ಕು ತಂತಿ, ಗಿಟಾರಿನಂತೆ ಹೆಗಲಿಗೆ ನೇತುಹಾಕಿಕೊಳ್ಳುವ ಪಟ್ಟಿ. ಕತ್ತಿನುದ್ದಕ್ಕೂ ಲೋಹದ ಮೆಟ್ಟಿಲುಗಳಿರುವುದರಿಂದ ಶ್ರುತಿ ತಪ್ಪುವ ಭಯವೂ ಕಡಿಮೆ. ಅದಕ್ಕೆಂದೇ 1952ರಲ್ಲಿ ಬಾಸ್‌ಮನ್ ಎಂಬ ಆಂಪ್ಲಿಫೈಯರ್ ಬಂತು. ಕಾರಿನ ಸೂರಿಗೆ ದೊಡ್ಡ ಬೇಸನ್ನು ಕಟ್ಟಿಕೊಂಡು ಊರೂರು ಅಲೆದವರಿಗೆ ಇದು ವರವಾಗಿ ಕಂಡದ್ದು ಸಹಜ. ಎಲ್ವಿಸ್ ಪ್ರೆಸ್ಲಿಯ ಜೊತೆಗಾರ ಬಿಲ್ ಬ್ಲ್ಯಾಕ್ 1954ರಲ್ಲಿ ಮೆಂಫಿಸ್‌ನಲ್ಲಿ ಡಬಲ್ ಬೇಸನ್ನು ಬಡಿದು ಬಾರಿಸಿ ಹೆಸರಾದವನು. 1957ರ ಹೊತ್ತಿಗೆ ಅವನ ಕೈಯಲ್ಲೂ ವಿದ್ಯುತ್ ಬೇಸ್ ಬಂದಿತ್ತು. ಗಿಟಾರ್ ವಾದಕಿಯಾಗಿದ್ದ ಕ್ಯಾರಲ್ ಕೇ 1963ರಲ್ಲಿ ಲಾಸ್ ಏಂಜಲೀಸಿನ ಧ್ವನಿಮುದ್ರಣವೊಂದಕ್ಕೆ ಬೇಸ್ ವಾದಕ ಬಾರದೆ ಹೋದಾಗ ಆ ಜಾಗದಲ್ಲಿ ಕುಳಿತರು. ಮುಂದೆ ಆ ಊರಿನ ಸ್ಟುಡಿಯೋಗಳಲ್ಲಿ ಅವರಿಲ್ಲದೆ ಕೆಲಸ ನಡೆಯದಂತಾಯಿತು. ಹೊಸ ವಾದ್ಯ ಹೀಗೆ ಕೆಲವರಿಗೆ ಹೊಸ ಬಾಗಿಲನ್ನೂ ತೆರೆಯಿತು.

ಡಬಲ್ ಬೇಸ್ ವಾದಕರಿಗಾಗಿ ಹುಟ್ಟಿದ ಆಂಪೆಗ್ ಕಂಪೆನಿಯೂ ಈ ಗಾಳಿಗೆ ಬಾಗಲೇಬೇಕಾಯಿತು. 1956ರಲ್ಲಿ ಅಲ್ಲಿ ಸೇರಿದ ಜೆಸ್ ಆಲಿವರ್ ಕೂಡ ಬೇಸ್ ವಾದಕನೇ. 1960ರಲ್ಲಿ ಅವನು ರೂಪಿಸಿದ ಬಿ-15 ಪೋರ್ಟಾಫ್ಲೆಕ್ಸ್ ಇಂದಿಗೂ ಮೆಚ್ಚುಗೆ ಪಡೆಯುವ ಯಂತ್ರ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದನ್ನು ಕಾಂಬೋ ಎನ್ನುತ್ತಾರೆ. ಆಲಿವರ್‌ನ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಮುಚ್ಚಳಕ್ಕೇ ಅಂಟಿಕೊಂಡಿತ್ತು. ಕಛೇರಿಯಲ್ಲಿ ಮುಚ್ಚಳವನ್ನು ಮಗುಚಿ ಮೇಲಿಡುವುದು, ಮುಗಿದ ಮೇಲೆ ತಿರುಗಿಸಿ ಒಳಗಿಳಿಸುವುದು. ಹೊಲಿಗೆ ಯಂತ್ರದ ತಲೆಯನ್ನು ಮೇಜಿನೊಳಕ್ಕೆ ಮಡಚುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ಹದಿನೈದು ಅಂಗುಲದ ಒಂದು ಸ್ಪೀಕರ್, ಬರಿಯ 25 ವಾಟ್. ಆದರೂ ದುಂಡಗೆ, ತುಂಬಿ ಬರುವ ದನಿ.

ಈ ಪೆಟ್ಟಿಗೆಗೆ ಕೀರ್ತಿ ತಂದವರಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪೆನಿಯ ಜೇಮ್ಸ್ ಜೇಮರ್‌ಸನ್ ಒಬ್ಬ. ಡಬಲ್ ಬೇಸ್‌ನಲ್ಲೇ ಪಾಠವಾದವನು, ಆದರೆ ಹೆಸರಾದದ್ದು ಫೆಂಡರ್ ಬೇಸ್ ಹಿಡಿದು. ವಿಧಿಯ ಆಟ ನೋಡಿ. ಹಲ್ ಯಾವ ವಾದ್ಯವನ್ನು ಉಳಿಸಲೆಂದು ಹೊರಟನೋ ಅದನ್ನು ಹಿಂದೆ ತಳ್ಳಿದ ವಾದ್ಯಕ್ಕೇ ಅವನ ಯಂತ್ರ ಒದಗಿತು. ರಾಕ್ ಅಂಡ್ ರೋಲ್ ಅವನಿಗೆ ಒಗ್ಗಲೇ ಇಲ್ಲ. 1967ರಲ್ಲಿ ಕಂಪೆನಿ ಮಾರಿದ, ಮರುವರ್ಷ ಹೊರಬಂದ. 1969ರಲ್ಲಿ ಅದೇ ಹೆಸರಿನಲ್ಲಿ 300 ವಾಟ್‌ನ ದೈತ್ಯ ಆಂಪ್ಲಿಫೈಯರ್ ರೋಲಿಂಗ್ ಸ್ಟೋನ್ಸ್ ತಂಡದ ವೇದಿಕೆ ಏರಿತು.

ಇಷ್ಟಾದರೂ ಡಬಲ್ ಬೇಸ್ ಸಾಯಲಿಲ್ಲ. ಜಾಜ್ ವಾದಕರು ಅದನ್ನು ಬಿಟ್ಟುಕೊಡಲಿಲ್ಲ. ಕರುಳಿನ ತಂತಿ ಹೋಗಿ ಉಕ್ಕಿನ ತಂತಿ ಬಂತು. ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಆ ಪೀಝೋ ತತ್ವದ ಪಿಕಪ್‌ಗಳು ಬೇಸಿನ ಕುದುರೆಯ ಮೇಲೆ ಕುಳಿತವು. ನಮ್ಮ ವೀಣೆಯವರು ಅಂಟಿಸಿಕೊಳ್ಳುವ ಕಾಂಟ್ಯಾಕ್ಟ್ ಮೈಕ್ ನೆನೆದರೆ ಇದರ ಕಲ್ಪನೆ ಬರುತ್ತದೆ. 1970ರ ದಶಕದಲ್ಲಿ, ಅಕಾರ್ಡಿಯನ್ ವಾದಕ ಟಾಮಿ ಗುಮಿನಾ ಸ್ಥಾಪಿಸಿದ ಪಾಲಿಟೋನ್ ಕಂಪೆನಿಯ ಮಿನಿ-ಬ್ರೂಟ್ ಎಂಬ ಪುಟ್ಟ ಕಾಂಬೋ ಜಾಜ್ ವೇದಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಈಗ ವಾದಕರು ತಂತಿಯನ್ನು ಹಿಡಿದೆಳೆಯಬೇಕಾಗಿರಲಿಲ್ಲ. ತಂತಿಗಳನ್ನು ತಗ್ಗಿಸಿ, ಚುರುಕಾಗಿ, ಹಾಡುವಂತೆ ನುಡಿಸಿದರು. ಕೆಲವರಿಗೆ ಇದೇ ಸರಿಬರಲಿಲ್ಲ. ಮರದ ದನಿ ಹೋಗಿ ರಬ್ಬರಿನ ದನಿ ಬಂತು ಎಂದು ದೂರಿದರು. ಎರಡು ಮಾತಿನಲ್ಲೂ ಸತ್ಯವಿತ್ತು.

ಡಬಲ್ ಬೇಸಿಗೆ ಒಂದು ಕಾಂಬೋ ಆರಿಸುವುದು ಇಂದಿಗೂ ಸೂಕ್ಷ್ಮದ ಕೆಲಸವೇ. ಮೊದಲನೆಯ ತೊಡಕು ನಮಗೆಲ್ಲ ಗೊತ್ತಿರುವಂಥದು. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಬಾಯಿ ತೆರೆಯುತ್ತಲೇ ಮೈಕು ಕುಂಯ್ ಎಂದು ಕೂಗುತ್ತದಲ್ಲ, ಅದೇ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋಗಿ, ಅದು ಹೆಚ್ಚಾಗಿ ಹೊರಬಂದು, ಪುನಃ ಒಳಹೋಗುವ ಸುತ್ತು. ಡಬಲ್ ಬೇಸಿನ ಟೊಳ್ಳು ಹೊಟ್ಟೆ ಈ ಸುತ್ತಿಗೆ ಹೇಳಿಮಾಡಿಸಿದ ಜಾಗ. ಆದರೆ ಅದು ಕುಂಯ್ ಎನ್ನುವುದಿಲ್ಲ, ಗುಡುಗಿನಂತೆ ಮೊಳಗುತ್ತದೆ. ಆದ್ದರಿಂದ ಅಲೆಯ ದಿಕ್ಕನ್ನು ತಿರುಗಿಸುವ ಫೇಸ್ ಗುಂಡಿ, ಹಟ ಹಿಡಿದು ಮೊಳಗುವ ಒಂದೇ ಸ್ವರವನ್ನು ತಗ್ಗಿಸುವ ನಾಚ್ ಫಿಲ್ಟರ್, ಸಂಗೀತಕ್ಕೆ ಬೇಡದ ತೀರ ತಳದ ಗುಡುಗನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಇವೆಯೇ ಎಂದು ಮೊದಲು ನೋಡುತ್ತಾರೆ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಒಂದು ಸ್ಟೂಲಿನ ಮೇಲಿಟ್ಟರೂ ಗುಂಯ್‌ಗುಡುವುದು ಎಷ್ಟೋ ಕಡಿಮೆಯಾಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಎರಡನೆಯದು ಪಿಕಪ್ಪಿಗೂ ಆಂಪ್ಲಿಫೈಯರಿಗೂ ಇರುವ ಹೊಂದಾಣಿಕೆ. ಪೀಝೋ ಪಿಕಪ್ಪಿನಿಂದ ಬರುವ ವಿದ್ಯುತ್ತು ಬಲು ಕ್ಷೀಣ. ಆಂಪ್ಲಿಫೈಯರಿನ ಇನ್‌ಪುಟ್ ಇಂಪೀಡೆನ್ಸ್ ಕಡಿಮೆಯಿದ್ದರೆ, ಸಣ್ಣ ಸೆಲೆಯ ಬಾವಿಗೆ ದೊಡ್ಡ ಪಂಪು ಹಚ್ಚಿದಂತಾಗುತ್ತದೆ. ಮೊದಲು ಬತ್ತುವುದು ಮಂದ್ರ ಸ್ವರ. ಉಳಿಯುವುದು ಬಾತುಕೋಳಿ ಕೂಗಿದಂಥ ದನಿ. ಕನಿಷ್ಠ ಒಂದು ಮೆಗಾಓಮ್ ಬೇಕು, ಹತ್ತಿದ್ದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ದೂರು ಇರಬೇಕಾದದ್ದು ಪೆಟ್ಟಿಗೆಯ ಮೇಲಲ್ಲ, ಈ ಹೊಂದದ ಜೋಡಿಯ ಮೇಲೆ. ನಡುವೆ ಒಂದು ಸಣ್ಣ ಪ್ರೀಆಂಪ್ ಸೇರಿಸಿದರೆ ಜೋಡಿ ಸರಿಹೋಗುವುದುಂಟು.

ವಾಟ್ ಹೆಚ್ಚಿದ್ದರೆ ಒಳ್ಳೆಯದು ಎಂಬ ಅಂಗಡಿಯವನ ಮಾತಿಗೆ ಮರುಳಾಗಬಾರದು. ವಾಟ್ ಇಮ್ಮಡಿಯಾದರೆ ದನಿ ಇಮ್ಮಡಿಯಾಗುವುದಿಲ್ಲ. ಕಿವಿಗೆ ಎರಡರಷ್ಟು ಅನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅದರ ಬದಲು ತೂಕ ನೋಡುವುದು ಲೇಸು. ಬೇಸನ್ನೇ ಹೊತ್ತು ಬರುವವರಿಗೆ ಇನ್ನೊಂದು ಕೈ ಮಾತ್ರ ಉಳಿದಿರುತ್ತದೆ. 1990ರ ದಶಕದಲ್ಲಿ ಅಕೌಸ್ಟಿಕ್ ಇಮೇಜ್‌ನಂಥ ಕಂಪೆನಿಗಳು ಈ ವಾದ್ಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಗುರ ಕಾಂಬೋಗಳನ್ನು ಮಾಡಿದವು. ಅವುಗಳಲ್ಲಿ ತಳದ ಸ್ಪೀಕರ್ ನೆಲದ ಕಡೆಗೆ ಮುಖ ಮಾಡಿತ್ತು. ಆಮೇಲೆ ಬಂದ ಕ್ಲಾಸ್-ಡಿ ಆಂಪ್ಲಿಫೈಯರುಗಳಿಂದ ಭಾರ ಮತ್ತಷ್ಟು ಇಳಿದು, ತರಕಾರಿ ಚೀಲದಂತೆ ಒಂದೇ ಕೈಯಲ್ಲಿ ಹಿಡಿಯುವಷ್ಟಾಗಿದೆ.

ಕಡೆಯದು, ನನಗೆ ಬಹಳ ಹಿಡಿಸಿದ ಸಲಹೆ. ಅಂಗಡಿಗೆ ಹೋಗುವಾಗ ನಿಮ್ಮದೇ ವಾದ್ಯ, ನಿಮ್ಮದೇ ಪಿಕಪ್ ಒಯ್ಯಿರಿ. ಮೊದಲು ಆಂಪ್ಲಿಫೈಯರ್ ಇಲ್ಲದೆ ನುಡಿಸಿ, ಆಮೇಲೆ ದನಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ. ಬೆರಳಿನಲ್ಲೂ ನುಡಿಸಿ, ಕಮಾನಿನಲ್ಲೂ ನುಡಿಸಿ. ಇನ್ನೊಬ್ಬರನ್ನು ದೂರ ನಿಲ್ಲಿಸಿ ಕೇಳಿಸಿ. ಏಕೆಂದರೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತವರಿಗೆ ಕೇಳುವುದೇ ಬೇರೆ, ಸಭೆಗೆ ತಲುಪುವುದೇ ಬೇರೆ. ಯಂತ್ರ ಚಾಲೂ ಆಗಿದೆ ಎಂಬುದು ತಿಳಿಯದೆ, ಆರಿಸಿದಾಗ ಮಾತ್ರ ಅದರ ಕೊರತೆ ಗೊತ್ತಾದರೆ, ಅದೇ ಸರಿಯಾದ ಪೆಟ್ಟಿಗೆ.

ಇಲ್ಲಿ ಆರಿನ್ ಒಬ್ರಯನ್ ಅವರನ್ನು ನೆನೆಯಬೇಕು. 1966ರಲ್ಲಿ ಅವರು ಡಬಲ್ ಬೇಸ್ ಹಿಡಿದು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಸೇರಿದಾಗ ಅಲ್ಲಿ ಕಾಯಂ ವಾದಕರಲ್ಲಿ ಬೇರೆ ಹೆಂಗಸರೇ ಇರಲಿಲ್ಲ. ಐವತ್ತೈದು ವರ್ಷ ನುಡಿಸಿ 2021ರಲ್ಲಿ ನಿವೃತ್ತರಾದರು. ಅವರ ಕುರಿತ ಕಿರು ಸಾಕ್ಷ್ಯಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ತಮಗೆ ಮುಂದೆ ಬಂದು ಮೆರೆಯುವ ಆಸೆಯಿಲ್ಲ, ಹಿಂದೆ ನಿಂತು ಎಲ್ಲರೊಡನೆ ನುಡಿಸುವುದೇ ಇಷ್ಟ ಎನ್ನುವ ಸ್ವಭಾವ ಅವರದು. ಇನ್ನೊಂದು ಕಡೆ ಎಸ್ಪೆರಾಂಜಾ ಸ್ಪಾಲ್ಡಿಂಗ್ ಎಂಬ ಯುವತಿ ಅದೇ ವಾದ್ಯ ಹಿಡಿದು, ತಾನೇ ಹಾಡುತ್ತ ವೇದಿಕೆಯ ಮುಂಭಾಗಕ್ಕೆ ಬಂದು, 2011ರಲ್ಲಿ ವರ್ಷದ ಅತ್ಯುತ್ತಮ ಹೊಸ ಕಲಾವಿದೆ ಎಂಬ ಗ್ರ್ಯಾಮಿ ಪ್ರಶಸ್ತಿ ಪಡೆದಳು. ಒಬ್ಬರಿಗೆ ಏಳು ಮಂದಿ ಜೊತೆಗಾರರ ಬಲ, ಇನ್ನೊಬ್ಬಳಿಗೆ ವಿದ್ಯುತ್ತಿನ ಬಲ.

ಹಿಂದೆ ನಿಲ್ಲುವುದು ಬೇರೆ, ಕೇಳಿಸದೆ ಹೋಗುವುದು ಬೇರೆ. ಮೊದಲನೆಯದನ್ನು ಒಬ್ಬರು ತಾವಾಗಿ ಆರಿಸಿಕೊಳ್ಳಬಹುದು, ಎರಡನೆಯದನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಎವರೆಟ್ ಹಲ್ ಬೇಸ್ ವಾದಕರನ್ನು ವೇದಿಕೆಯ ಮುಂದೆ ತರಲು ಹೊರಟವನಲ್ಲ. ಅವರು ನಿಂತಲ್ಲೇ, ತಮ್ಮದೇ ದನಿಯಲ್ಲಿ ಕೇಳಿಸಲಿ ಎಂದಷ್ಟೇ ಬಯಸಿದ. ಅಷ್ಟನ್ನು ಸಾಧಿಸಲು ಒಂದು ಗೂಟ, ಒಂದು ಪೆಟ್ಟಿಗೆ, ಎಂಬತ್ತು ವರ್ಷಗಳ ತಿದ್ದುಪಡಿ ಬೇಕಾಯಿತು. ಇನ್ನೂ ತಿದ್ದುತ್ತಲೇ ಇದ್ದಾರೆ.