ಐಟಿಪಿ ಮತ್ತು ಟಿಟಿಪಿ: ಪ್ಲೇಟ್‌ಲೆಟ್ ಕುಸಿಯುವ ಎರಡು ಬೇನೆಗಳು

ರಕ್ತಪರೀಕ್ಷೆಯ ಚೀಟಿಯಲ್ಲಿ ಪ್ಲೇಟ್‌ಲೆಟ್ ಕಡಿಮೆಯೆಂದು ಕಂಡೊಡನೆ ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವುದು ಡೆಂಗ್ಯೂ. ತಮಿಳಿನಲ್ಲಿ ‘ತಟ್ಟಣುಕ್ಕಳ್’ ಎನ್ನುವುದು ಇವುಗಳನ್ನೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು. ಡೆಂಗ್ಯೂ ಅಲ್ಲವೆಂದಾದ ಮೇಲೆ ವೈದ್ಯರು ಯೋಚಿಸುವ ಕಾರಣಗಳಲ್ಲಿ ಐಟಿಪಿ, ಟಿಟಿಪಿ ಎಂಬ ಎರಡಿವೆ. ಚರ್ಮದ ಮೇಲಿನ ಕೆಂಪು ಚುಕ್ಕೆ, ನೇರಳೆ ಕಲೆಗಳು ಎರಡರಲ್ಲೂ ಕಾಣಬಹುದು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ.

ಐಟಿಪಿಯಲ್ಲಿ ದೇಹದ ಪ್ರತಿಕಾಯಗಳೇ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ, ಗುಲ್ಮವು ಅವನ್ನು ನಾಶಮಾಡುತ್ತದೆ. 1950ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ರೋಗಿಯ ರಕ್ತವನ್ನು ತಮಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳು ಕುಸಿದವು. ಮಕ್ಕಳಲ್ಲಿ ಇದು ಹೆಚ್ಚಾಗಿ ವೈರಾಣು ಸೋಂಕಿನ ಕೆಲವು ವಾರಗಳ ಬಳಿಕ ಬರುತ್ತದೆ. ಕಲೆಗಳಿದ್ದರೂ ಮಗು ಎಂದಿನಂತೆ ಆಡಿಕೊಂಡಿರುತ್ತದೆ. ಬಹುಪಾಲು ಮಕ್ಕಳು ಆರು ತಿಂಗಳೊಳಗೆ ಗುಣವಾಗುತ್ತಾರೆ. ರಕ್ತಸ್ರಾವ ಹೆಚ್ಚಿದರೆ ಸ್ಟೀರಾಯ್ಡ್ ಅಥವಾ ಇಮ್ಯುನೋಗ್ಲಾಬ್ಯುಲಿನ್ ಕೊಡುತ್ತಾರೆ.

ಟಿಟಿಪಿ ಅಪರೂಪ, ಆದರೆ ಕಾಯಲು ಬಿಡದ ರೋಗ. ಮಕ್ಕಳಿಗಿಂತ ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು, ಬಸುರಿನಲ್ಲೂ ಕಾಣಿಸಿಕೊಳ್ಳಬಹುದು. 1924ರಲ್ಲಿ ನ್ಯೂಯಾರ್ಕಿನ ವೈದ್ಯ ಎಲಿ ಮಾಶ್ಕೋವಿಟ್ಸ್ ಇದನ್ನು ಮೊದಲು ವರ್ಣಿಸಿದ್ದು ಹದಿನಾರರ ಹುಡುಗಿಯೊಬ್ಬಳ ಸಾವಿನಿಂದ. ಎಡ್ಯಾಮ್‌ಟಿಎಸ್-13 ಎಂಬ ಕಿಣ್ವ ತೀರ ಕಡಿಮೆಯಾಗಿ, ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪು ಕಟ್ಟುತ್ತದೆ. ಪ್ಲೇಟ್‌ಲೆಟ್‌ಗಳು ಆ ಹೆಪ್ಪಿನಲ್ಲೇ ಮುಗಿದುಹೋಗುತ್ತವೆ. ಅದರ ನಡುವೆ ನುಸುಳುವ ಕೆಂಪು ರಕ್ತಕಣಗಳು ಒಡೆಯುತ್ತವೆ. ಆದ್ದರಿಂದಲೇ ಬಿಳಿಚುವಿಕೆ, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ತಲೆನೋವು, ಗಲಿಬಿಲಿ, ಫಿಟ್ಸ್.

ಬೇರ್ಪಡಿಸುವ ಮೊದಲ ಪರೀಕ್ಷೆ ದುಬಾರಿಯದಲ್ಲ. ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ‘ಸ್ಮಿಯರ್’ ಅದು. ಒಡೆದ ಕೆಂಪುಕಣಗಳು ಕಂಡರೆ ಟಿಟಿಪಿಯ ಶಂಕೆ ಬಲವಾಗುತ್ತದೆ. ಎಲ್‌ಡಿಎಚ್ ಪ್ರಮಾಣವೂ ಏರಿರುತ್ತದೆ. ಕಿಣ್ವದ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಪ್ಲಾಸ್ಮಾ ಬದಲಾವಣೆ ಆರಂಭಿಸಬೇಕು. ಚಿಕಿತ್ಸೆಯಿಲ್ಲದೆ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಿದ್ದರು. ಈಗ ಎಂಟಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ ಕಳಿಸುವಂತೆ ಕೇಳಿರಿ. ಸಂಖ್ಯೆ ಇಳಿದ ಕೂಡಲೇ ಪ್ಲೇಟ್‌ಲೆಟ್ ಬಾಟಲಿಗಾಗಿ ಓಡಾಡುವುದು ನಮ್ಮಲ್ಲಿ ರೂಢಿ. ಟಿಟಿಪಿಯಲ್ಲಿ ಅದರಿಂದ ಹೆಪ್ಪು ಹೆಚ್ಚುವ ಭಯವಿರುವುದರಿಂದ, ಪ್ರಾಣಾಪಾಯದ ರಕ್ತಸ್ರಾವವಿಲ್ಲದೆ ಅದನ್ನು ಏರಿಸುವುದಿಲ್ಲ.

ಕನ್ನಡ ಮನೆಗಳಿಗೆ ಇನ್ನೊಂದು ಮಾತು. ಕನ್ನಡ ಬಾರದ ವೈದ್ಯರಿಗೆ ರೋಗಿಯ ಮಾತು ತೊದಲುತ್ತಿದೆಯೇ, ತಪ್ಪುತ್ತಿದೆಯೇ ಎಂಬುದು ತಿಳಿಯುವುದು ಕಷ್ಟ. ಅದನ್ನು ಗುರುತಿಸಬಲ್ಲವರು ಮನೆಯವರೇ. ‘ಪೇಚ್ಚು ಕುಳರುದು’ ಎಂದು ತಮಿಳಿನಲ್ಲಿ ಸ್ಪಷ್ಟವಾಗಿ ಹೇಳಿ, ಯಾವಾಗಿನಿಂದ ಎಂಬುದನ್ನೂ ತಿಳಿಸಿರಿ.