ಶರತ್ಕಾಲದಲ್ಲಿ ಗೃಹವಿಕ್ರಯ: ಕರ್ನಾಟಕದ ಸ್ಥಾವರ ವ್ಯವಹಾರದಲ್ಲಿ ಒಂದು ವಿಚಾರ

ನಮ್ಮ ದೇಶದ ಶಿಲಾಶಾಸನ ತಾಮ್ರಶಾಸನಗಳಲ್ಲಿ ದಾನಪತ್ರಗಳೇ ಅಧಿಕ, ಕ್ರಯಪತ್ರಗಳು ವಿರಳ. ದಾನ ಮಾಡುವವನು ಪುಣ್ಯಕಾಲವನ್ನು ಆರಿಸಿಕೊಳ್ಳುತ್ತಿದ್ದನು. ಉತ್ತರಾಯಣ ಸಂಕ್ರಮಣ, ಸೂರ್ಯೋಪರಾಗ, ಚಂದ್ರೋಪರಾಗ ಮೊದಲಾದ ಪರ್ವಗಳ ಉಲ್ಲೇಖವು ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಾಣಬರುವುದು. ಮನೆಯನ್ನು ಮಾರುವವನಿಗಾದರೋ ಅಂತಹ ಸ್ವಾತಂತ್ರ್ಯವಿಲ್ಲ. ಅವನ ಕಾಲವನ್ನು ಅವನ ಕಷ್ಟವೇ ಗೊತ್ತುಮಾಡುವುದು. ಆ ಕಷ್ಟಕ್ಕೂ ಶರದೃತುವಿಗೂ ಇರುವ ಸಂಬಂಧವೇನು, ಋತುವಿನ ಇಳಿಬೆಲೆಯಿಂದ ಗೃಹಸ್ಥನನ್ನು ಕಾಪಾಡುವುದಕ್ಕೆ ನಮ್ಮ ಪೂರ್ವಿಕರು ಮಾಡಿಕೊಂಡಿದ್ದ ಏರ್ಪಾಡು ಯಾವುದು, ಎಂಬೀ ಎರಡು ಅಂಶಗಳನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು.

ಆಶ್ವಯುಜ ಕಾರ್ತಿಕ ಮಾಸಗಳು ಶರದೃತುವೆಂದು ಪ್ರಸಿದ್ಧವಾಗಿವೆ. ಮಳೆಯು ತಗ್ಗಿ ದಾರಿಗಳು ತೆರೆಯುವುದೂ, ಚಾತುರ್ಮಾಸ್ಯವು ಕಾರ್ತಿಕ ಶುದ್ಧ ದ್ವಾದಶಿಯೊಡನೆ ಮುಗಿಯುವುದೂ ಈ ಕಾಲದಲ್ಲಿಯೇ. ಆದುದರಿಂದ ಜನರು ಊರಿಂದೂರಿಗೆ ಹೋಗಿ ಬರುವುದಕ್ಕೂ, ವ್ಯವಹಾರಕ್ಕಾಗಿ ನಾಲ್ವರು ಕೂಡುವುದಕ್ಕೂ ಇದು ಅನುಕೂಲವಾದ ಕಾಲ. ಆದರೆ ಒಕ್ಕಲಿಗನ ಪಾಲಿಗೆ ಇದು ಬಿಗಿಯಾದ ಕಾಲವೂ ಹೌದು. ಹಿಂದಿನ ವರ್ಷದ ಧಾನ್ಯವು ಕಣಜದಲ್ಲಿ ತಳಮುಟ್ಟಿರುವುದು. ಹೊಲದಲ್ಲಿ ನಿಂತಿರುವ ಪೈರು ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ.

ಈ ಬಿಗಿಯ ಕಾಲದಲ್ಲಿಯೇ ರಾಜಾದಾಯದ ಬೇಡಿಕೆಯೂ ಬಂದು ಕೂಡುತ್ತಿತ್ತೆಂಬುದಕ್ಕೆ ವಿಜಯನಗರದ ಇತಿಹಾಸದಲ್ಲಿ ಒಂದು ಆಧಾರವುಂಟು. ೧೬ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜನು, ಸೆಪ್ಟೆಂಬರ್ ತಿಂಗಳಲ್ಲಿ ಒಂಬತ್ತು ದಿನಗಳ ಮಹೋತ್ಸವವು ನಡೆಯುವುದೆಂದೂ, ರಾಜನಿಗೆ ಸಲ್ಲಬೇಕಾದ ಹಣವೆಲ್ಲವೂ ಆ ದಿನಗಳಲ್ಲಿ ಸಲ್ಲುವುದೆಂದೂ ಬರೆದಿರುವನು. ಇದು ನಮ್ಮ ಮಹಾನವಮಿಯೇ ಸರಿ. ನಾಯಕನು ಅರಮನೆಗೆ ಹಣ ಕಟ್ಟಬೇಕಾದರೆ ಅದನ್ನು ಕೆಳಗಿನವರಿಂದ ಕೂಡಿಸಬೇಕಷ್ಟೆ. ಸುಗ್ಗಿಗೆ ಮುಂಚೆ ಹಣ ತೆರಬೇಕಾದವನು ಸಾಲ ಮಾಡುವನು; ಸಾಲ ಹುಟ್ಟದಿದ್ದರೆ ಒಡವೆಯನ್ನು ಮಾರುವನು; ಕಟ್ಟಕಡೆಗೆ ಮನೆ ಹೊಲಗಳಿಗೆ ಕೈಹಾಕುವನು. ಹೀಗೆಂದು ಶಾಸನವೊಂದು ಹೇಳುವುದೆಂದಲ್ಲ; ಬೇಡಿಕೆಯ ಕಾಲವನ್ನೂ ಬೆಳೆಯ ಕಾಲವನ್ನೂ ಹೋಲಿಸಿ ನೋಡಿ ನಾವು ಮಾಡುವ ಊಹೆ. ಕೊಳ್ಳುವವನ ಕೈಯಲ್ಲಿ ಹಣ ಕಡಿಮೆ, ಮಾರುವವನಿಗೆ ಆತುರ ಹೆಚ್ಚು. ಇಂತಹ ಕಾಲದಲ್ಲಿ ಮನೆಯ ಬೆಲೆಯು ಇಳಿಯುವುದು ಸ್ವಾಭಾವಿಕ.

ಇನ್ನು ಧರ್ಮಶಾಸ್ತ್ರವು ಏನನ್ನು ವಿಧಿಸಿತೆಂಬುದನ್ನು ನೋಡೋಣ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪುತ್ರರ ಅನುಮತಿಯಿಲ್ಲದೆ ತಂದೆಯು ಸ್ಥಾವರವನ್ನು ವಿಕ್ರಯಿಸಕೂಡದೆಂಬುದು ಅವನ ಸಾಮಾನ್ಯ ನಿಯಮ. ಆಪತ್ಕಾಲ, ಕುಟುಂಬಪೋಷಣೆ, ಅವಶ್ಯವಾದ ಧರ್ಮಕಾರ್ಯ ಎಂಬ ಮೂರು ಸಂದರ್ಭಗಳಲ್ಲಿ ಒಬ್ಬನೇ ಮಾರಬಹುದೆಂಬುದು ಅದಕ್ಕೆ ಅಪವಾದ. ಗ್ರಾಮಸ್ಥರು, ಜ್ಞಾತಿಗಳು, ನೆರೆಯವರಾದ ಸಾಮಂತರು, ದಾಯಾದರು, ಈ ನಾಲ್ವರ ಅನುಮತಿ, ಅದರೊಡನೆ ಹಿರಣ್ಯದಾನ ಮತ್ತು ಉದಕದಾನ, ಹೀಗೆ ಆರು ಅಂಗಗಳಿಂದ ಭೂಮಿಯು ಕೈಬದಲಾಗುವುದೆಂಬ ಸ್ಮೃತಿವಚನವನ್ನು ಎತ್ತಿಕೊಂಡು ಅವನು ಒಂದೊಂದರ ಪ್ರಯೋಜನವನ್ನೂ ಬಿಡಿಸಿ ಹೇಳಿರುವನು. ಗ್ರಾಮಸ್ಥರ ಅನುಮತಿಯು ವ್ಯವಹಾರವು ಪ್ರಕಟವಾಗುವುದಕ್ಕಾಗಿ. ಸಾಮಂತರ ಅನುಮತಿಯು ಎಲ್ಲೆಯ ವಿವಾದವು ಹುಟ್ಟದಿರುವುದಕ್ಕಾಗಿ. ಸ್ಥಾವರ ವಿಕ್ರಯವು ನಿಷಿದ್ಧವೆಂದೂ ದಾನವು ಪ್ರಶಸ್ತವೆಂದೂ ವಚನವಿರುವುದರಿಂದ, ಮಾರಲೇಬೇಕಾದಾಗ ಹೊನ್ನನ್ನೂ ನೀರನ್ನೂ ಕೊಟ್ಟು ದಾನದ ರೂಪದಲ್ಲಿಯೇ ಮಾರಬೇಕು. ಗ್ರಾಮಸ್ಥರ ಅನುಮತಿಯಿಲ್ಲದಿದ್ದರೆ ವ್ಯವಹಾರವೇ ಅಸಿದ್ಧವೆಂದು ಅವನು ಹೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಗುಟ್ಟಾಗಿ ನಡೆಯಬಾರದೆಂಬುದೇ ಅವನ ಆಶಯ.

ಈ ನಿಯಮಗಳು ಗ್ರಂಥದಲ್ಲಿಯೇ ಉಳಿಯಲಿಲ್ಲ. ವಿಜಯನಗರ ಕಾಲದ ಕನ್ನಡ ಕ್ರಯಶಾಸನಗಳಲ್ಲಿ ಸ್ತ್ರೀ ಪುತ್ರ ಜ್ಞಾತಿ ಸಾಮಂತ ದಾಯಾದರ ಅನುಮತಿಯನ್ನು ಹೇಳುವುದೂ, ಸಹಿರಣ್ಯೋದಕವಾಗಿ ಧಾರೆಯೆರೆದುದನ್ನು ಹೇಳುವುದೂ ಒಂದು ಸಂಪ್ರದಾಯ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸುವುದೂ ಉಂಟು. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದುದು ಬೆಲೆಯ ಮಾತು. ಉಭಯವಾದಿಗಳೂ ಒಪ್ಪಿದ ಮಧ್ಯಸ್ಥರಿಂದ ಪರಿಕಲ್ಪಿತವಾದ ತತ್ಕಾಲೋಚಿತ ಕ್ರಯದ್ರವ್ಯವೆಂದು ಆ ಪತ್ರಗಳು ಬೆಲೆಯನ್ನು ವಿಶೇಷಿಸುವುವು. ತತ್ಕಾಲೋಚಿತವೆಂಬ ಮಾತಿನಿಂದ ಬೆಲೆಯು ಕಾಲಕಾಲಕ್ಕೆ ಏರಿಳಿಯುವುದೆಂದು ಅವರು ಅರಿತಿದ್ದುದು ಸ್ಪಷ್ಟವಾಗುವುದು. ಹಾಗೆಂದು ಆ ಏರಿಳಿತವನ್ನು ಕೊಳ್ಳುವವನ ಇಚ್ಛೆಗೆ ಬಿಡಲಿಲ್ಲ. ಆತುರವಿಲ್ಲದ ಮೂರನೆಯವರು ಕುಳಿತು ಬೆಲೆ ಕಟ್ಟುತ್ತಿದ್ದರು. ಅನುಮತಿಗಳನ್ನು ಕೂಡಿಸುವುದಕ್ಕೆ ಹಿಡಿಯುವ ದಿನಗಳೂ ಮಾರುವವನಿಗೆ ಒಂದು ರಕ್ಷೆಯಾಗುತ್ತಿದ್ದಿರಬೇಕು. ಅಷ್ಟರಲ್ಲಿ ಜ್ಞಾತಿಯೊಬ್ಬನು ಸಾಲ ಕೊಟ್ಟು ಮನೆಯನ್ನು ಉಳಿಸಲೂಬಹುದು.

ಬ್ರಿಟಿಷರ ಆಡಳಿತದಲ್ಲಿ ಈ ಕಟ್ಟು ಬೇರೆಯಾಯಿತು. ೧೮೭೨ರ ಕರಾರು ಕಾಯಿದೆಯ ಪ್ರಕಾರ ಸ್ವಂತ ಇಚ್ಛೆಯಿಂದ ಒಪ್ಪಿದ ಕರಾರು ಬೆಲೆ ಕಡಿಮೆಯೆಂಬ ಕಾರಣ ಮಾತ್ರದಿಂದ ರದ್ದಾಗುವುದಿಲ್ಲ. ಒಪ್ಪಿಗೆಯು ಸ್ವತಂತ್ರವಾಗಿತ್ತೇ ಎಂದು ಪರೀಕ್ಷಿಸುವಾಗ ಮಾತ್ರ ನ್ಯಾಯಸ್ಥಾನವು ಅದನ್ನು ಗಣಿಸಬಹುದು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯು ನೂರು ರೂಪಾಯಿಗೂ ಅದಕ್ಕೆ ಮೇಲ್ಪಟ್ಟ ಬೆಲೆಗೂ ಸ್ಥಾವರವನ್ನು ಮಾರುವಾಗ ನೋಂದಣಿಯಾದ ಪತ್ರವನ್ನು ಕಡ್ಡಾಯ ಮಾಡಿತು. ಪ್ರಕಟಪಡಿಸುವ ಕೆಲಸವು ಗ್ರಾಮಸ್ಥರಿಂದ ನೋಂದಣಿ ಕಚೇರಿಗೆ ಹೋಯಿತು. ಮಧ್ಯಸ್ಥರ ಕೆಲಸವನ್ನು ಮಾಡುವವರು ಯಾರೂ ಉಳಿಯಲಿಲ್ಲ.

ಋತುವಿನ ಕ್ರೌರ್ಯವು ಎಷ್ಟರಮಟ್ಟಿಗೆ ಹೋಗಬಹುದೆಂಬುದನ್ನು ಧಾತು ಈಶ್ವರ ಸಂವತ್ಸರಗಳ ಬರವು ತೋರಿಸಿತು. ೧೮೭೬ರಲ್ಲಿ ಮುಂಗಾರು ಕೈಕೊಟ್ಟ ಮೇಲೆ, ಶರತ್ಕಾಲದ ಹಿಂಗಾರನ್ನು ನಂಬಿದ್ದ ಪ್ರಜೆಗೆ ಅದೂ ಇಲ್ಲವಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದುದು ೧೮೮೧ರ ಎಣಿಕೆಯಲ್ಲಿ ಸುಮಾರು ೪೨ ಲಕ್ಷಕ್ಕಿಳಿಯಿತು. ಊರಿಗೆ ಊರೇ ಮಾರಲು ನಿಂತಾಗ ಕೊಳ್ಳುವವರಾರು? ಅಂತಹ ಕಾಲದಲ್ಲಿ ಮಧ್ಯಸ್ಥರಿಂದಲೂ ಹೆಚ್ಚು ಪ್ರಯೋಜನವಾಗಲಾರದೆಂಬುದನ್ನು ಒಪ್ಪಿಕೊಳ್ಳಬೇಕು. ಪ್ರಾಚೀನ ಏರ್ಪಾಡು ಒಬ್ಬನ ಕಷ್ಟಕ್ಕೆ ಮದ್ದಾಗಿತ್ತು. ನಾಡಿಗೆಲ್ಲ ಬಂದ ಕಷ್ಟಕ್ಕಲ್ಲ.

ಮುಂದೆ ೧೯೦೮ರ ಸಿವಿಲ್ ವ್ಯವಹಾರ ಸಂಹಿತೆಯ ೬೦ನೆಯ ವಿಧಿಯು ಬೇಸಾಯಗಾರನು ವಾಸಮಾಡುವ ಸ್ವಂತ ಮನೆಯನ್ನು ಸಾಲದ ಡಿಕ್ರಿಗಾಗಿ ಜಪ್ತಿಮಾಡಕೂಡದೆಂದು ವಿಧಿಸಿತು. ಆದರೆ ಈ ರಕ್ಷೆಯು ಬಲಾತ್ಕಾರದ ಮಾರಾಟಕ್ಕೆ ಮಾತ್ರ. ಕಷ್ಟಕ್ಕೆ ಸಿಕ್ಕಿ ತಾನಾಗಿ ಮಾರುವವನಿಗೆ ಇದರಿಂದ ಉಪಕಾರವಿಲ್ಲ.

ಹಳೆಯ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ನಾಲ್ವರ ಅನುಮತಿಯೆಂಬುದು ನ್ಯಾಯವಾಗಿ ಮಾರಬೇಕಾದವನಿಗೆ ಅಡ್ಡಿಯಾಗಿದ್ದಿರಲೂಬಹುದು. ಆದರೂ ಮನೆಯನ್ನು ಮಾರುವವನ ಇಚ್ಛೆಯು ಕಷ್ಟಕಾಲದಲ್ಲಿ ಪೂರ್ಣ ಸ್ವತಂತ್ರವಲ್ಲವೆಂಬ ತಿಳಿವಳಿಕೆಯು ಅದರಲ್ಲಿತ್ತು. ಕ್ರಯಶಾಸನಗಳ ಮಾಸ ತಿಥಿಗಳನ್ನೂ ಅವುಗಳಲ್ಲಿರುವ ಬೆಲೆಗಳನ್ನೂ ಒಟ್ಟುಗೂಡಿಸಿ, ಸುಗ್ಗಿಗೆ ಮುಂಚಿನವು ಯಾವುವು ಹಿಂದಿನವು ಯಾವುವು ಎಂದು ವಿಂಗಡಿಸಿ ನೋಡಿದರೆ ನಮ್ಮ ಊಹೆಯ ಸತ್ಯಾಸತ್ಯವು ಹೊರಬೀಳುವುದು. ಶಾಸನಾಭ್ಯಾಸಿಗಳು ಈ ಕೆಲಸವನ್ನು ಕೈಗೊಳ್ಳುವರೆಂದು ಹಾರೈಸುವೆವು.